ಲ್ಯಾಬಿನಿಂದ ಬ್ಯಾಡಗಿ ಪೇಟೆಗೆ ಎಷ್ಟು ದೂರ?

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಮೇಳ. ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಟಂಟಂ, ಟ್ರ್ಯಾಕ್ಟರ್, ಬಸ್ಸು ಹಿಡಿದು ಜನ ಬರುತ್ತಾರೆ. ನಾನೂ ತಪ್ಪಿಸುವುದಿಲ್ಲ. ಮಳಿಗೆಗಳ ಮುಂದೆ ಸುಮ್ನೆ ನಿಂತು ರೈತರ ಮಾತು ಕೇಳುವುದು ನನಗೆ ಇಷ್ಟ. ಹೊಸ ತಳಿ, ಹೊಸ ಯಂತ್ರ, ಹುಳ ಕೊಲ್ಲುವ ಹೊಸ ಪುಡಿ, ಏನೇ ಇಟ್ಟಿರಲಿ, ವಿಜ್ಞಾನಿಗಳು ಮನಸ್ಸಿಟ್ಟು ವಿವರಿಸುತ್ತಾರೆ. ರೈತರೂ ಮನಸ್ಸಿಟ್ಟು ಕೇಳುತ್ತಾರೆ. ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬರುತ್ತದೆ.

"ಛಲೋ ಐತ್ರಿ ಸರ್. ಆದ್ರ ಇದು ನಮ್ಮೂರಾಗ ಎಲ್ಲಿ ಸಿಗತೈತ್ರಿ?"

ಅಷ್ಟು ಹೊತ್ತು ಸರಾಗವಾಗಿ ಮಾತಾಡಿದವರು ಇಲ್ಲಿ ತಡವರಿಸುತ್ತಾರೆ. "ನಮ್ಮ ವಿಭಾಗಕ್ಕೆ ಬನ್ನಿ, ಇದ್ದರೆ ಕೊಡ್ತೀವಿ" ಅನ್ನುತ್ತಾರೆ. ಮುಂಡರಗಿಯ ರೈತ ಒಂದು ಪ್ಯಾಕೆಟ್ ಪುಡಿಗಾಗಿ ಧಾರವಾಡಕ್ಕೆ ಮತ್ತೊಮ್ಮೆ ಬರುವುದಿಲ್ಲ. ಅದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು.

ವಿಜ್ಞಾನಿಗಳು ಉದ್ಯಮಿಗಳಾಗಬೇಕು, ಸಂಶೋಧನೆ ಮಾರುಕಟ್ಟೆಗೆ ಬರಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ದಿಲ್ಲಿಯಲ್ಲಿ ಯೋಜನೆಗಳಿವೆ, ಬೆಂಗಳೂರಿನಲ್ಲಿ ಯೋಜನೆಗಳಿವೆ. ನಮ್ಮ ಭಾಗದಲ್ಲಿ ಅದು ನಿಜವಾಗಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳಲು ಈ ಲೇಖನ.

ಮೊದಲು ನಮ್ಮ ಹತ್ತಿರ ಏನೇನಿದೆ ನೋಡಿ. 1986ರಲ್ಲಿ ಶುರುವಾದ ಕೃಷಿ ವಿವಿ. ಅದಕ್ಕಿಂತ ಹಳೆಯ ಕರ್ನಾಟಕ ವಿಶ್ವವಿದ್ಯಾಲಯ. 1947ರಲ್ಲಿ ಬಿವಿಬಿ ಕಾಲೇಜಾಗಿ ಹುಟ್ಟಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ವಿದ್ಯಾನಗರದ ಕ್ಯಾಂಪಸ್. 2015ರ ಐಐಐಟಿ, 2016ರ ಐಐಟಿ. ಐಐಟಿಗೆ 2023ರಲ್ಲಿ ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ಕ್ಯಾಂಪಸ್ಸೂ ಆಯಿತು. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲೂ ಕೃಷಿ ಸಂಶೋಧನೆ.

ಇನ್ನು ಮಾರುಕಟ್ಟೆ. ಅಮರಗೋಳದ ಎಪಿಎಂಸಿ ಇದೆ. ದೇಶದ ದೊಡ್ಡ ಒಣಮೆಣಸಿನಕಾಯಿ ಪೇಟೆಗಳಲ್ಲಿ ಒಂದಾದ ಬ್ಯಾಡಗಿ ಇದೆ. ರಾಣೆಬೆನ್ನೂರು ಸುತ್ತ ಬಲೆಮನೆಗಳಲ್ಲಿ ಕಂಪನಿಗಳಿಗೆ ಹೈಬ್ರಿಡ್ ತರಕಾರಿ ಬೀಜ ಮಾಡಿಕೊಡುವ ರೈತರಿದ್ದಾರೆ. ಗೋಕುಲ ರಸ್ತೆ, ತಾರಿಹಾಳದಲ್ಲಿ ಲೇಥ್ ಮುಂದೆ ನಿಂತು ಏನು ಹೇಳಿದರೂ ಮಾಡಿಕೊಡುವ ಮೇಸ್ತ್ರಿಗಳಿದ್ದಾರೆ.

ಧಾರವಾಡದಿಂದ ಬ್ಯಾಡಗಿಗೆ ಕಾರಿನಲ್ಲಿ ಎರಡು ತಾಸಿನ ಹಾದಿ. ಲ್ಯಾಬೂ ಇದೆ, ಪೇಟೆಯೂ ಇದೆ, ನಡುವೆ ಹೈವೇ ಕೂಡ ಇದೆ. ಆ ಎರಡು ತಾಸಿನ ದಾರಿಯಲ್ಲಿ ಹೋಗಿ ಬರುವುದು ಮಾತ್ರ ಇಲ್ಲಿ ಯಾರ ಕೆಲಸವೂ ಆಗಿಲ್ಲ. ಅದಕ್ಕೆ ಸಂಬಳ ಇಲ್ಲ, ಅಂಕ ಇಲ್ಲ, ಬಡ್ತಿ ಇಲ್ಲ. ನನ್ನ ಪ್ರಕಾರ ತೊಡಕು ಇರುವುದು ಇಲ್ಲೇ.

ಹತ್ತಿ ದಾಟಿದ ದಾರಿ

ಧಾರವಾಡದ ವಿಜ್ಞಾನ ಪೇಟೆಗೆ ಹೋಗಲೇ ಇಲ್ಲ ಎಂದರೆ ಅದು ಸುಳ್ಳು. ಹತ್ತಿಯ ಕಥೆ ನೋಡಿ. 1972ರಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ್ದು. ಎಳೆ ಉದ್ದ, ನೂಲು ನಯ. 1981ರಲ್ಲಿ ಡಿಸಿಎಚ್-32 ಬಂತು. ಅದರ ಇನ್ನೊಂದು ಹೆಸರಾದ ಜಯಲಕ್ಷ್ಮಿ ಎಂದರೆ ನಮ್ಮ ಹಿರಿಯರಿಗೆ ತಟ್ಟನೆ ನೆನಪಾಗುತ್ತದೆ. ಹೆಸರಿನಲ್ಲಿರುವ 'ಡಿ' ಧಾರವಾಡದ್ದು. ಉದ್ದ ಎಳೆಯ ಹತ್ತಿ ಎಂದರೆ ಡಿಸಿಎಚ್ ಎನ್ನುವಷ್ಟು ಅದು ಹೊರ ರಾಜ್ಯಗಳಲ್ಲೂ ಬೇರೂರಿತು.

ಆಗ ಹೊಸ ಉದ್ಯಮಗಳನ್ನು ಕೈಹಿಡಿದು ಬೆಳೆಸುವ ಇನ್‌ಕ್ಯುಬೇಟರ್ ಇರಲಿಲ್ಲ, ಸ್ಟಾರ್ಟಪ್ ಎಂಬ ಮಾತೂ ಇರಲಿಲ್ಲ. ಆದರೂ ಅದು ಹೇಗೆ ದಾಟಿತು? ಹೈಬ್ರಿಡ್ ಬೀಜದ ಗುಣದಲ್ಲೇ ವ್ಯಾಪಾರ ಇದೆ. ಈ ವರ್ಷದ ಬೆಳೆಯಿಂದ ತೆಗೆದ ಬೀಜವನ್ನು ಮುಂದಿನ ವರ್ಷ ಬಿತ್ತಿದರೆ ಅದೇ ಇಳುವರಿ ಬರುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಕೊಳ್ಳಲೇಬೇಕು. ಹಾಗಾಗಿ ಬೀಜ ಮಾಡುವವರಿಗೆ, ಮಾರುವವರಿಗೆ ಪ್ರತಿ ವರ್ಷ ಗಿರಾಕಿ ಗ್ಯಾರಂಟಿ. ಹೂವಿನ ಕೇಸರ ಬಿಡಿಸಿ, ಕೈಯಿಂದ ಪರಾಗ ಹಚ್ಚುವ ಸೂಕ್ಷ್ಮ ಕೆಲಸ ಅದು. ಸಾವಿರಾರು ಕೈಗಳು ಬೇಕು. ಆ ಕೈಗಳಿಗೂ ಕೂಲಿ ಸಿಕ್ಕಿತು. ಪೇಟೆಯೇ ಮುಂದೆ ಬಂದು ಲ್ಯಾಬಿನ ಕೈ ಹಿಡಿಯಿತು. ವಿಜ್ಞಾನಿ ವ್ಯಾಪಾರಿ ಆಗುವ ಅಗತ್ಯವೇ ಬೀಳಲಿಲ್ಲ.

ಈಗ ಇದೇ ಕ್ಯಾಂಪಸ್ಸಿನ ಇನ್ನೊಂದು ಒಳ್ಳೆಯ ಕೆಲಸ ನೋಡಿ. ಸದಕ ಗೋಧಿ. ಕೆಲವರು ಜವೆ ಗೋಧಿ ಅನ್ನುತ್ತಾರೆ, ಬೆಂಗಳೂರು, ಪುಣೆ ಅಂಗಡಿಗಳಲ್ಲಿ ಖಪ್ಲಿ ಅನ್ನುತ್ತಾರೆ. ನಮ್ಮ ಮನೆಗಳ ಹುಗ್ಗಿ, ಮಾದಲಿ, ಶಾವಿಗೆ ಎಲ್ಲ ಇದರದ್ದೇ. ಹಳೆಯ ತಳಿ ಎತ್ತರ ಬೆಳೆದು ಬಾಗಿ ಬೀಳುತ್ತಿತ್ತು. ಧಾರವಾಡದವರು ಗಿಡ್ಡ ತಳಿಗಳನ್ನು ತಂದರು. ಡಿಡಿಕೆ-1025, ಡಿಡಿಕೆ-1029 ಎಂದು ಹೆಸರು. ಗೋಧಿಯಲ್ಲಿ ಹತ್ತಿಯ ಆಟ ನಡೆಯುವುದಿಲ್ಲ. ಒಮ್ಮೆ ಬೀಜ ತಂದವರು ಮನೆಯಲ್ಲೇ ಇಟ್ಟುಕೊಂಡು ಬಿತ್ತುತ್ತಾರೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆ ರೈತನಿಗೆ ಆ ಹಕ್ಕು ಕೊಟ್ಟಿದೆ, ಕೊಡಲೇಬೇಕು ಕೂಡ. ಹಾಗಾಗಿ ಬೀಜ ಕಂಪನಿಗೆ ಇದರಲ್ಲಿ ಆಸಕ್ತಿ ಇಲ್ಲ.

ಹಾಗಾದರೆ ಸದಕದಲ್ಲಿ ವ್ಯಾಪಾರ ಇಲ್ಲವಾ? ಇದೆ. ಅದು ಬೀಜದಲ್ಲಿಲ್ಲ, ಸಿಪ್ಪೆಯಲ್ಲಿದೆ. ಸದಕದ ಕಾಳು ಭತ್ತದ ಹಾಗೆ ಹೊಟ್ಟಿನೊಳಗೇ ಇರುತ್ತದೆ. ಅದನ್ನು ಒಡೆಯದೆ ಬಿಡಿಸುವ ಯಂತ್ರ ಬೇಕು. ಆಮೇಲೆ ರವೆ, ಶಾವಿಗೆ, ಪ್ಯಾಕಿಂಗ್, ಬ್ರ್ಯಾಂಡ್. ದೊಡ್ಡ ಊರಿನ ಅಂಗಡಿಗಳಲ್ಲಿ ಸದಕದ ಹಿಟ್ಟು ಸಾಮಾನ್ಯ ಗೋಧಿ ಹಿಟ್ಟಿಗಿಂತ ತುಂಬಾ ಜಾಸ್ತಿ ರೇಟಿಗೆ ಹೋಗುತ್ತಿದೆ. ತಳಿ ಮಾಡಿದ ವಿಜ್ಞಾನಿಗೆ ರವೆ ಮಾರುಕಟ್ಟೆ ಗೊತ್ತಿರಬೇಕು ಎಂದು ನಿರೀಕ್ಷಿಸುವುದು ತಪ್ಪು. ಆದರೆ ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸುವವರು ಬೇಕಿತ್ತು. ಇದ್ದಿದ್ದರೆ ಆ ದುಡ್ಡಿನ ಪಾಲು ಅಣ್ಣಿಗೇರಿ, ನವಲಗುಂದದ ಕಡೆಗೂ ಇನ್ನಷ್ಟು ಬರುತ್ತಿತ್ತು ಅನ್ನಿಸುತ್ತದೆ.

ಈ ಎರಡು ಬೆಳೆಗಳನ್ನು ಪಕ್ಕಪಕ್ಕ ಇಟ್ಟಿದ್ದು ಬೇಕಂತಲೇ. ಪ್ರತಿ ಶೋಧಕ್ಕೂ ಪೇಟೆಗೆ ಹೋಗುವ ದಾರಿ ಬೇರೆ. ಎಲ್ಲದಕ್ಕೂ "ಒಂದು ಸ್ಟಾರ್ಟಪ್ ಮಾಡಿ" ಎನ್ನುವುದು ಎಲ್ಲ ಕಾಯಿಲೆಗೂ ಒಂದೇ ಗುಳಿಗೆ ಕೊಟ್ಟ ಹಾಗೆ.

ಹಸಿರು ಬೂಷ್ಟು

ಎಲ್ಲಕ್ಕಿಂತ ಕಷ್ಟದ ದಾರಿ ಹುಳ ಕೊಲ್ಲುವ ಜೈವಿಕ ಔಷಧಿಗಳದ್ದು. ಸೋಯಾಬೀನ್, ಮೆಕ್ಕೆಜೋಳದ ಹೊಲದಲ್ಲಿ ಮಳೆಗಾಲದಲ್ಲಿ ಒಂದು ನೋಟ ಕಾಣುತ್ತದೆ. ಎಲೆ ತಿನ್ನುವ ಹುಳ ಎಲೆಗೇ ಅಂಟಿಕೊಂಡು ಸತ್ತಿರುತ್ತದೆ. ಮೈಮೇಲೆ ಹಸಿರು ಬೂಷ್ಟು. ನೊಮುರಿಯಾ ಎಂಬ ಶಿಲೀಂಧ್ರದ ಕೆಲಸ ಅದು. ಧಾರವಾಡದ ಕೀಟಶಾಸ್ತ್ರಜ್ಞರು ಇದರ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಅಕ್ಕಿಯಂಥ ಕಾಳಿನ ಮೇಲೆ ಅದನ್ನು ಬೆಳೆಸಿ, ಪುಡಿ ಮಾಡಿ, ನೀರಿಗೆ ಬೆರೆಸಿ ಹೊಡೆಯಬಹುದು. ಮನುಷ್ಯರಿಗೆ, ದನಗಳಿಗೆ ತೊಂದರೆ ಇಲ್ಲ. 2018ರಲ್ಲಿ ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳ ಬಂದು ಹಾವೇರಿ ಕಡೆಯ ರೈತರು ಕಂಗಾಲಾದ ಮೇಲೆ ಇಂಥ ಶಿಲೀಂಧ್ರಗಳ ಬೆಲೆ ಇನ್ನೂ ಹೆಚ್ಚಾಗಿದೆ.

ಈಗ ಇದನ್ನು ಒಬ್ಬ ವಿಜ್ಞಾನಿ ಉದ್ಯಮ ಮಾಡುತ್ತೇನೆ ಎಂದು ಹೊರಟರು ಎಂದಿಟ್ಟುಕೊಳ್ಳಿ. ಹುಳ ಕೊಲ್ಲುವ ಯಾವುದೇ ವಸ್ತು ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆ ಅಡ್ಡ ಬರುತ್ತದೆ. ಕೇಂದ್ರದ ನೋಂದಣಿ ಸಮಿತಿಯ ಮುಂದೆ ಹೋಗಬೇಕು. ಪರಿಣಾಮ, ಸುರಕ್ಷತೆ, ಎಷ್ಟು ದಿನ ಕೆಡದೆ ಇರುತ್ತದೆ, ಎಲ್ಲಕ್ಕೂ ಕಾಗದ ಬೇಕು. ವಿಜ್ಞಾನಿ ಬರೆದ ಸಂಶೋಧನಾ ಲೇಖನ ಇಲ್ಲಿ ಸಾಲುವುದಿಲ್ಲ. ನಿಯಮದ ಪ್ರಕಾರ ಮಾಡಿದ ಪರೀಕ್ಷೆಗಳೇ ಬೇಕು, ಅದಕ್ಕೆ ಲಕ್ಷಗಟ್ಟಲೆ ಖರ್ಚು. ಆ ಕೆಲಸದಿಂದ ಹೊಸ ಲೇಖನವೂ ಹುಟ್ಟುವುದಿಲ್ಲ, ಹಾಗಾಗಿ ಯಾವ ಸಂಶೋಧನಾ ಅನುದಾನವೂ ಅದಕ್ಕೆ ಒಗ್ಗುವುದಿಲ್ಲ.

ಅದೂ ಆಯಿತೆನ್ನಿ. ಇನ್ನು ಅಂಗಡಿ. ಲಕ್ಷ್ಮೇಶ್ವರದಲ್ಲಿ ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ ಮಾರುವ ಒಂದು ಅಂಗಡಿಯ ತಗಡಿನ ಗೋದಾಮನ್ನು ಏಪ್ರಿಲ್ ತಿಂಗಳಲ್ಲಿ ಹೊಕ್ಕು ನೋಡಿ. ಅಲ್ಲಿ ರಾಸಾಯನಿಕ ಡಬ್ಬಿ ಎರಡು ವರ್ಷ ಕೂತರೂ ಏನೂ ಆಗುವುದಿಲ್ಲ. ಜೀವ ಇರುವ ಶಿಲೀಂಧ್ರ ಆ ಬಿಸಿಗೆ ಸಾಯುತ್ತದೆ. ತಂಪು ಇಲ್ಲದಿದ್ದರೆ ಪುಡಿ ಪುಡಿಯಾಗೇ ಇರುತ್ತದೆ, ಒಳಗಿನ ಜೀವ ಹೋಗಿರುತ್ತದೆ. ಹೊಡೆದ ರೈತ "ಇದು ಹತ್ತಂಗಿಲ್ಲ ಬಿಡ್ರಿ" ಎಂದು ಮತ್ತೆ ರಾಸಾಯನಿಕಕ್ಕೆ ಹೋಗುತ್ತಾನೆ. ಒಂದು ಸೀಸನ್ ಹೆಸರು ಕೆಟ್ಟರೆ ಮುಗಿಯಿತು. ಹಾಗಾಗಿ ಈ ಉದ್ಯಮದ ನಿಜವಾದ ಸವಾಲು ಶಿಲೀಂಧ್ರಕ್ಕಿಂತ ಜಾಸ್ತಿ ಸಾಗಾಟದ್ದು. ಅಂಗಡಿಗೇ ಕೊಡದೆ, ಹುಳ ಬೀಳುವ ವಾರಕ್ಕೆ ಸರಿಯಾಗಿ ರೈತ ಉತ್ಪಾದಕ ಕಂಪನಿಗಳ ಮೂಲಕ ತಾಜಾ ಮಾಲು ಮುಟ್ಟಿಸುವುದು ಒಂದು ದಾರಿ. ಲ್ಯಾಬಿನ ಕಿಟಕಿಯಿಂದ ಈ ದಾರಿ ಕಾಣುವುದು ಕಷ್ಟ. ತಗಡಿನ ಗೋದಾಮಿನಲ್ಲಿ ನಿಂತರೆ ಐದು ನಿಮಿಷದಲ್ಲಿ ಹೊಳೆಯುತ್ತದೆ.

ನೂರು ಜನರನ್ನು ಕೇಳಿ ಬಾ

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ, ಲ್ಯಾಬಿನ ಶೋಧವನ್ನು ಪೇಟೆಗೆ ಒಯ್ಯಲು ಕಲಿಸುವ ಐ-ಕೋರ್ ಎಂಬ ಕಾರ್ಯಕ್ರಮ ಶುರು ಮಾಡಿತು. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಒಂದೇ ನಿಯಮ. ತಂಡದಲ್ಲಿ ಮೂವರು ಇರಬೇಕು. ಸಂಶೋಧನೆಯ ಮುಖ್ಯ ವಿಜ್ಞಾನಿ, ಉದ್ಯಮ ನಡೆಸಲು ಹೊರಟ ಕಿರಿಯ ಸಂಶೋಧಕ, ಮತ್ತು ವ್ಯಾಪಾರ ಬಲ್ಲ ಒಬ್ಬ ಹಿರಿಯ. ಏಳು ವಾರಗಳಲ್ಲಿ ಈ ಮೂವರು ಕನಿಷ್ಠ 100 ಜನರನ್ನು ಕಂಡು ಮಾತಾಡಿಸಿ ಬರಬೇಕು. ಮಾಲು ಮಾರಲಿಕ್ಕಲ್ಲ, ಅವರ ಕಷ್ಟ ಕೇಳಲಿಕ್ಕೆ. ಎಷ್ಟೋ ತಂಡಗಳಿಗೆ ತಾವು ಅಂದುಕೊಂಡ ಗಿರಾಕಿ ಗಿರಾಕಿಯೇ ಅಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ.

ಇದನ್ನು ಬ್ಯಾಡಗಿಗೆ ತಂದು ನೋಡೋಣ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. ಅದರಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆದು ಆಹಾರಕ್ಕೆ, ಸೌಂದರ್ಯ ಸಾಧನಗಳಿಗೆ ಬಳಸುತ್ತಾರೆ. ಕೆಂಪು ಎಷ್ಟಿದೆ ಎಂದು ಅಳೆಯುವ ಆಸ್ಟಾ ಎಂಬ ಅಂತಾರಾಷ್ಟ್ರೀಯ ಅಳತೆ ಇದೆ. ಕಾಯಿ ಪುಡಿ ಮಾಡಿ, ಅಸಿಟೋನ್‌ನಲ್ಲಿ ಒಂದು ರಾತ್ರಿ ನೆನೆಸಿ, ಯಂತ್ರದಲ್ಲಿ ಬೆಳಕು ಹಾಯಿಸಿ ನೋಡಬೇಕು. ಪೇಟೆಯಲ್ಲಿ ಹಾಗೆ ಕಾಯಲು ಆಗುವುದಿಲ್ಲ. ಖರೀದಿದಾರ ಲಾಟಿನ ಮುಂದೆ ಬಗ್ಗಿ, ಹಿಡಿ ಕಾಯಿ ಎತ್ತಿ, ಮುರಿದು, ಮೂಸಿ ನೋಡಿ ರೇಟು ಬರೆಯುತ್ತಾನೆ. ಕಣ್ಣೇ ತಕ್ಕಡಿ.

ಈಗ ನಮ್ಮ ಕಡೆಯ ಒಬ್ಬ ವಿಜ್ಞಾನಿ ಕೈಯಲ್ಲಿ ಹಿಡಿಯುವ ಬಣ್ಣದ ಮೀಟರ್ ಮಾಡಿದರು ಎಂದು ಊಹಿಸಿ. ಒಂದು ನಿಮಿಷದಲ್ಲಿ ಅಂಕಿ ಹೇಳುತ್ತದೆ. ಯಾರಿಗೆ ಮಾರುತ್ತೀರಿ ಎಂದರೆ ಅವರು "ರೈತರಿಗೆ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನ ಉತ್ತರ. ಆದರೆ ರೈತ ವರ್ಷಕ್ಕೆ ಒಂದೆರಡು ಸಲ ಕಾಯಿ ಮಾರುತ್ತಾನೆ. ಅದಕ್ಕಾಗಿ ಸಾವಿರಾರು ರೂಪಾಯಿಯ ಯಂತ್ರ ಯಾಕೆ ಕೊಳ್ಳುತ್ತಾನೆ? ಕೊಂಡರೂ ಅದರ ಅಂಕಿಯನ್ನು ಖರೀದಿದಾರ ಒಪ್ಪಬೇಕಲ್ವಾ? ದಲಾಲಿ ಅಂಗಡಿಯವರಿಗೆ ಬೇಕಾ? ಅವರ ದಲಾಲಿ ರೇಟಿನ ಮೇಲೆ ನಿಂತಿದೆ, ಹಾಗಾಗಿ ಒಳ್ಳೆಯ ಲಾಟಿಗೆ ಅಂಕಿ ತೋರಿಸಿದರೆ ಅವರಿಗೂ ಲಾಭ ಇರಬಹುದು. ಓಲಿಯೊರೆಸಿನ್ ಕಾರ್ಖಾನೆಯವರು? ಅವರಿಗೆ ಬಣ್ಣವೇ ಕಚ್ಚಾ ಮಾಲು. ತಪ್ಪು ಲಾಟು ಕೊಂಡರೆ ನೇರ ನಷ್ಟ. ಇನ್ನು ಕೋಲ್ಡ್ ಸ್ಟೋರೇಜ್‌ನವರು. ಆರು ತಿಂಗಳು ಇಟ್ಟ ಚೀಲದ ಬಣ್ಣ ಎಷ್ಟು ಉಳಿದಿದೆ ಎಂದು ತೋರಿಸಿದರೆ ಅವರ ಬಾಡಿಗೆಗೆ ಬೆಲೆ ಬರುತ್ತದೆ. ಬಹುಶಃ ಮೊದಲ ಗಿರಾಕಿ ಇವರಲ್ಲೇ ಒಬ್ಬರು. ಅವರ ಮೂಲಕ ಅಂಕಿಗೆ ಪೇಟೆಯಲ್ಲಿ ಮರ್ಯಾದೆ ಬಂದ ಮೇಲೆ ರೈತನಿಗೆ ನ್ಯಾಯದ ರೇಟು ಸಿಗುತ್ತದೆ.

ಇದು ನನ್ನ ಊಹೆ ಅಷ್ಟೇ. ಸರಿಯೋ ತಪ್ಪೋ ಪೇಟೆಗೆ ಹೋಗಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಅಲ್ಲಿ ಟೆಂಡರ್ ನಡೆಯುವ ದಿನ ಬೆಳಿಗ್ಗೆ ಹೋದರೆ ರೈತ, ಹಮಾಲ, ದಲಾಲ, ಖರೀದಿದಾರ, ಲಾರಿಯವರು ಎಲ್ಲರೂ ಒಂದೇ ಕಡೆ. ಅಮೆರಿಕದ ತಂಡಗಳು ವಿಮಾನ ಹತ್ತಿ ಹುಡುಕುವ 100 ಜನ ನಮಗೆ ಒಂದೇ ಪೇಟೆಯಲ್ಲಿ, ಮೂರ್ನಾಲ್ಕು ದಿನದಲ್ಲಿ ಸಿಗುತ್ತಾರೆ. ಇದು ಬೆಂಗಳೂರಿನ ದೊಡ್ಡ ಲ್ಯಾಬುಗಳಿಗೂ ಇಲ್ಲದ ಅನುಕೂಲ. ನಾವು ಅದನ್ನು ಬಳಸುತ್ತಿಲ್ಲ ಎಂಬುದೇ ನನಗೆ ಸಂಕಟ.

ಈ ಮಾತು ಬಂದಾಗ ಹುಬ್ಬಳ್ಳಿಯಲ್ಲೇ ಹುಟ್ಟಿದ ಒಬ್ಬರನ್ನು ನೆನೆಯಬೇಕು. ಗುರುರಾಜ ದೇಶಪಾಂಡೆ. ಕೆನಡಾದಲ್ಲಿ ಪಿಎಚ್‌.ಡಿ ಮಾಡಿ, ಪಾಠ ಹೇಳಿ, ಆಮೇಲೆ ಉದ್ಯಮಕ್ಕೆ ಇಳಿದು ಸಿಕಮೋರ್ ನೆಟ್‌ವರ್ಕ್ಸ್‌ನಂಥ ಕಂಪನಿ ಕಟ್ಟಿದವರು. 2002ರಲ್ಲಿ ಅವರು ಮತ್ತು ಪತ್ನಿ ಜಯಶ್ರೀ ಕೊಟ್ಟ ದೊಡ್ಡ ದೇಣಿಗೆಯಿಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ದೇಶಪಾಂಡೆ ಸೆಂಟರ್ ಶುರುವಾಯಿತು. ಪ್ರಾಧ್ಯಾಪಕರ ಶೋಧ ಲ್ಯಾಬಿನಿಂದ ಹೊರಗೆ ಬರಬೇಕು ಎಂಬುದೇ ಅದರ ಉದ್ದೇಶ. ಮೊದಲು ಸಣ್ಣ ಹಣ ಕೊಡುತ್ತಾರೆ. ಅದರ ಜೊತೆ ಕ್ಯಾಟಲಿಸ್ಟ್ ಎಂದು ಕರೆಯುವ ಅನುಭವಿ ಉದ್ಯಮಿಗಳನ್ನು ಜೊತೆ ಮಾಡುತ್ತಾರೆ. ಆ ಉದ್ಯಮಿಗಳು ಸ್ವಯಂಸೇವಕರು. ಪ್ರಾಧ್ಯಾಪಕ ಪ್ರಾಧ್ಯಾಪಕನಾಗೇ ಉಳಿಯುತ್ತಾನೆ, ಪಕ್ಕದಲ್ಲಿ ಪೇಟೆ ಬಲ್ಲವರು ಕೂರುತ್ತಾರೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಅವರದೇ ಪ್ರತಿಷ್ಠಾನದ ದೊಡ್ಡ ಸ್ಟಾರ್ಟಪ್ ಕೇಂದ್ರ ಇದೆ. ಕೆಎಲ್‌ಇ ತಾಂತ್ರಿಕ ವಿವಿಯಲ್ಲಿ ಉದ್ಯಮಶೀಲತೆ ಕೇಂದ್ರ ಇದೆ. ಕೃಷಿ ವಿವಿಯಲ್ಲೂ ಕೃಷಿ ಉದ್ಯಮಗಳ ಇನ್‌ಕ್ಯುಬೇಟರ್ ಇದೆ. ಇವೆಲ್ಲ ಹೆಚ್ಚಾಗಿ ಯುವಕರಿಗೆ, ಹೊಸ ಐಡಿಯಾ ಹಿಡಿದು ಬರುವವರಿಗೆ ಬಾಗಿಲು ತೆರೆದಿವೆ. ಒಳ್ಳೆಯದೇ. ಆದರೆ 48 ವರ್ಷದ, ಮೂರು ಪಿಎಚ್‌.ಡಿ ವಿದ್ಯಾರ್ಥಿಗಳಿರುವ, ವಾರಕ್ಕೆ ಹತ್ತಾರು ತಾಸು ಪಾಠ ಇರುವ ಪ್ರಾಧ್ಯಾಪಕಿ ಆ ಬಾಗಿಲವರೆಗೆ ತಾನಾಗಿ ನಡೆದು ಹೋಗುವುದಿಲ್ಲ. ಅವರ ಲ್ಯಾಬಿಗೇ ಯಾರಾದರೂ ಬರಬೇಕು.

ಅಂಕದ ಲೆಕ್ಕ

ಅವರು ಯಾಕೆ ನಡೆದು ಹೋಗುವುದಿಲ್ಲ? ಸೋಮಾರಿತನ ಎಂದು ಯಾರೂ ತಿಳಿಯಬೇಡಿ. ಬೋಧಕರ ನೇಮಕ, ಬಡ್ತಿಗೆ ಯುಜಿಸಿ ಮಾಡಿದ 2018ರ ನಿಯಮಗಳಲ್ಲಿ ಸಂಶೋಧನೆಗೆ ಅಂಕ ಕೊಡುವ ಒಂದು ಪಟ್ಟಿ ಇದೆ. ವಿಜ್ಞಾನದ ಒಂದು ಸಂಶೋಧನಾ ಲೇಖನಕ್ಕೆ ಮೂಲ ಅಂಕ 8. ದೇಶದೊಳಗಿನ ಒಂದು ಪೇಟೆಂಟ್‌ಗೆ 7. ಲೇಖನ ಕೆಲವು ತಿಂಗಳಲ್ಲಿ ಆಗಬಹುದು, ಪೇಟೆಂಟ್ ಕೈಗೆ ಬರಲು ವರ್ಷಗಳು ಬೇಕು. ಶೋಧ ವಸ್ತುವಾಗಿ ಜನರ ಕೈ ಸೇರಿದರೆ ಅದಕ್ಕೆ ಆ ಪಟ್ಟಿಯಲ್ಲಿ ಅಂಕವೇ ಇಲ್ಲ. 2025ರ ಜನವರಿಯಲ್ಲಿ ಬಂದ ಕರಡು ನಿಯಮದಲ್ಲಿ ಸ್ಟಾರ್ಟಪ್ ಕಟ್ಟಿದ್ದನ್ನೂ ಗಮನಾರ್ಹ ಕೊಡುಗೆ ಎಂದು ಎಣಿಸುವ ಮಾತಿತ್ತು. ಅಷ್ಟಾದರೂ ಆದರೆ ಒಂದು ಗೋಡೆ ತಗ್ಗುತ್ತದೆ.

ನಾನು ಎಂ.ಎಸ್ಸಿ ಓದುವಾಗ ನಮ್ಮ ಲ್ಯಾಬಿನಲ್ಲಿ ಒಬ್ಬ ಅಕ್ಕ ಇದ್ದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಬಣ್ಣ ಬದಲಾಯಿಸಿ ತೋರಿಸುವ ಅಗ್ಗದ ಕಾಗದದ ಪಟ್ಟಿ ಮಾಡಿದ್ದರು. ಗದಗ ಜಿಲ್ಲೆಯ ಬೋರ್‌ವೆಲ್‌ಗಳ ಫ್ಲೋರೈಡ್ ಕಷ್ಟ ನಮಗೆಲ್ಲ ಗೊತ್ತು. ಹಲ್ಲು ಕಂದುಗಟ್ಟಿದ ಮಕ್ಕಳನ್ನು ನೋಡಿಯೇ ಅವರಿಗೆ ಆ ಯೋಚನೆ ಬಂದಿತ್ತು. ಪಟ್ಟಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಒಂದು ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದರು, ಬಹುಮಾನವೂ ಬಂತು. ಆಮೇಲೆ ಒಂದು ಕಂಪನಿಯವರು ಕೇಳಿಕೊಂಡು ಬಂದಾಗ ಪೇಟೆಂಟ್ ಇದೆಯಾ ಎಂದರು. ಇರಲಿಲ್ಲ. ಎಲ್ಲವನ್ನೂ ಪೋಸ್ಟರಿನಲ್ಲಿ ಬರೆದು ಒಂದೂವರೆ ವರ್ಷ ಆಗಿಹೋಗಿತ್ತು. ಸಂಸ್ಥೆಯಲ್ಲಿ ಯಾರೊಬ್ಬರೂ ಮೊದಲೇ ಅವರಿಗೆ ಹೇಳಿರಲಿಲ್ಲ. ಅಕ್ಕ ಈಗ ಬೇರೆ ಊರಿನಲ್ಲಿ ಪಾಠ ಮಾಡುತ್ತಾರೆ. ಆ ಪಟ್ಟಿ ಪ್ರಬಂಧದ ಒಳಗೇ ಉಳಿಯಿತು.

ನಿಯಮ ಸರಳ. ಶೋಧವನ್ನು ಮೊದಲು ಊರಿಗೆಲ್ಲ ಹೇಳಿ ಆಮೇಲೆ ಪೇಟೆಂಟ್ ಕೇಳಿದರೆ, ಕೆಲವು ಸಣ್ಣ ವಿನಾಯಿತಿ ಬಿಟ್ಟರೆ, ಅದು ಹೊಸದಲ್ಲ ಎಂದಾಗುತ್ತದೆ. ಪರಿಹಾರವೂ ಸರಳ. ಪೋಸ್ಟರ್ ಹಾಕುವ ಮುನ್ನ ತಾತ್ಕಾಲಿಕ ಅರ್ಜಿ ಹಾಕಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಟ್ಟರೆ ಸಾಕು. ನಡುವೆ ಪೋಸ್ಟರೂ ಹಾಕಬಹುದು, ಲೇಖನವೂ ಬರೆಯಬಹುದು. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಪೇಟೆಂಟ್ ಶುಲ್ಕದಲ್ಲಿ ಶೇ 80ರಷ್ಟು ಕಡಿತವೂ ಇದೆ. ಒಂದು ಎಚ್ಚರಿಕೆ. ಬೇಸಾಯದ ವಿಧಾನಕ್ಕೆ, ಗಿಡ, ಬೀಜ, ತಳಿಗೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ. ತಳಿಗಳಿಗೆ ಮೊದಲು ಹೇಳಿದ 2001ರ ಕಾಯ್ದೆಯಡಿ ನೋಂದಣಿ ಮಾಡಿಸಬೇಕು.

ಹಣದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಈಗ ಅದು ಮೊದಲಿನಷ್ಟು ದೊಡ್ಡ ತೊಂದರೆ ಅಲ್ಲ. ಮಾದರಿ ಮಾಡಿ ನೋಡಲು ಕೇಂದ್ರದ ನಿಧಿ ಪ್ರಯಾಸ್ ಯೋಜನೆಯಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ಜೈವಿಕ ತಂತ್ರಜ್ಞಾನಕ್ಕೆ ಕೇಂದ್ರದ ಬೈರ್ಯಾಕ್ ಸಂಸ್ಥೆಯ ಬಿಗ್ ಅನುದಾನ 50 ಲಕ್ಷದವರೆಗೆ. ಸ್ಟಾರ್ಟಪ್‌ಗಳಿಗೆ ಹಣ ಕೊಡುವ ರಾಜ್ಯದ ಎಲಿವೇಟ್ ಯೋಜನೆ ಇದೆ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ 1 ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ನಿಧಿಗೆ ಒಪ್ಪಿಗೆ ಕೊಟ್ಟಿತು. ಆದರೆ ಆ ದೊಡ್ಡ ನಿಧಿ ಸಿಗುವುದು ಶೋಧ ಬಳಕೆಗೆ ಎಷ್ಟು ತಯಾರಾಗಿದೆ ಎಂದು ಅಳೆಯುವ 9 ಮೆಟ್ಟಿಲುಗಳಲ್ಲಿ 4ನೆಯದನ್ನು ಮುಟ್ಟಿದವರಿಗೆ. ನಮ್ಮ ಕಡೆಯ ಬಹಳಷ್ಟು ಕೆಲಸ 2, 3ನೇ ಮೆಟ್ಟಿಲಲ್ಲಿ ಕೂತಿದೆ. ಅಲ್ಲಿಂದ ಮೇಲೆ ಹತ್ತಲು ಬೇಕಿರುವುದು ಕೋಟಿಗಳಲ್ಲ, ಕೆಲವು ಲಕ್ಷ ಮತ್ತು ಒಬ್ಬ ಜೊತೆಗಾರ.

ಜೋಡಿ ಬೇಕು

ಎಲ್ಲ ವಿಜ್ಞಾನಿಗಳೂ ಉದ್ಯಮಿಗಳಾಗಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಸಂಶೋಧಕಿಯನ್ನು ಕಳೆದುಕೊಂಡು ಸಾಧಾರಣ ವ್ಯಾಪಾರಿಯನ್ನು ಪಡೆದರೆ ಯಾರಿಗೆ ಲಾಭ? ಉದ್ಯಮ ನಡೆಸಲು ಬೇರೆಯವರು ಬರಲಿ, ವಿಜ್ಞಾನಿಗೆ ಪಾಲು ಇರಲಿ, ಮಾತು ನಡೆಯಲಿ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಜೊತೆ 2019ರಲ್ಲಿ ಬಂದ ರಾಷ್ಟ್ರೀಯ ನಾವೀನ್ಯತಾ ಮತ್ತು ಸ್ಟಾರ್ಟಪ್ ನೀತಿ ಇದಕ್ಕೆ ಜಾಗ ಕೊಟ್ಟಿದೆ. ಬೋಧಕರು ರಜೆ ತೆಗೆದುಕೊಂಡು ಸ್ಟಾರ್ಟಪ್ ಮಾಡಬಹುದು. ಸಂಸ್ಥೆಯ ಲ್ಯಾಬು, ಹೆಸರು ಬಳಸಿದ್ದಕ್ಕೆ ಸಂಸ್ಥೆ ಶೇ 2ರಿಂದ 9.5ರವರೆಗೆ ಪಾಲು ತೆಗೆದುಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು 2000ದಷ್ಟು ಹಿಂದೆಯೇ ಸ್ಟ್ರಾಂಡ್ ಎಂಬ ಕಂಪನಿ ಕಟ್ಟಿದ್ದರು. ಹಾಗಾಗಿ ಇದು ಕರ್ನಾಟಕಕ್ಕೆ ಹೊಸದಲ್ಲ.

ಕಾಗದದ ಮೇಲೆ ನೀತಿ ಇರುವುದು ಬೇರೆ, ನಡೆಯುವುದು ಬೇರೆ. ಸರ್ಕಾರಿ ನೌಕರ ಅನುಮತಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ ಎಂಬ ನಡತೆ ನಿಯಮ ಎಲ್ಲರ ತಲೆಯಲ್ಲಿ ಕೂತಿದೆ. "ನಾಳೆ ಆಡಿಟ್‌ನವರು ಕೇಳಿದ್ರ ಏನ್ ಹೇಳಲಿ?" ಎಂದು ಒಬ್ಬ ಹಿರಿಯ ವಿಜ್ಞಾನಿ ನನ್ನನ್ನೇ ಕೇಳಿದ್ದರು. ಅವರ ಹೆದರಿಕೆ ಸುಳ್ಳಲ್ಲ. ಪ್ರತಿ ವಿಶ್ವವಿದ್ಯಾಲಯ ಕನ್ನಡದಲ್ಲಿ ಎರಡು ಪುಟ ಬರೆದು ಕೊಡಲಿ. ಯಾರ ಅನುಮತಿ ಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ, ಪಾಲು ಎಷ್ಟು, ರಜೆ ಎಷ್ಟು. ಅಷ್ಟು ಇದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಜೋಡಿ ಎಲ್ಲಿಂದ ಬರಬೇಕು? ನಮ್ಮಲ್ಲೇ ಇದ್ದಾರೆ. ಬ್ಯಾಡಗಿಯ ದಲಾಲರ ಮನೆಯ ಎಂಬಿಎ ಓದಿದ ಮಕ್ಕಳಿದ್ದಾರೆ. ರಾಣೆಬೆನ್ನೂರಿನಲ್ಲಿ ಬೀಜ ಕಂಪನಿಗಳಿಗೆ ಇಪ್ಪತ್ತು ವರ್ಷ ದುಡಿದ ಸೂಪರ್‌ವೈಸರ್‌ಗಳಿದ್ದಾರೆ. ಬೆಳೆ ಔಷಧಿ ಕಂಪನಿಗಳಲ್ಲಿ ಊರೂರು ಸುತ್ತಿ ನಿವೃತ್ತರಾದವರಿದ್ದಾರೆ. ಅವರಿಗೆ ಯಾವ ಅಂಗಡಿ ಸಾಲ ವಾಪಸ್ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂದು ಗೊತ್ತು. ಈ ತಿಳಿವಳಿಕೆ ಯಾವ ಪಠ್ಯದಲ್ಲೂ ಇಲ್ಲ. ಇಂಥವರನ್ನು ತಿಂಗಳಿಗೆ ಎರಡು ದಿನ ಲ್ಯಾಬುಗಳಿಗೆ ಕರೆಸಿ, ಪ್ರಯಾಣದ ಖರ್ಚು ಮತ್ತು ಗೌರವಧನ ಕೊಟ್ಟರೆ ಎಂಐಟಿಯ ಕ್ಯಾಟಲಿಸ್ಟ್‌ಗಳು ಮಾಡುವ ಕೆಲಸ ಇಲ್ಲೂ ನಡೆಯುತ್ತದೆ.

ಹಾಗೆಂದು ಎಲ್ಲವನ್ನೂ ಕಂಪನಿಗೆ ಕೊಡಬೇಕೆಂದು ನಾನು ಹೇಳುತ್ತಿಲ್ಲ. ರೈತ ತಾನೇ ಉಳಿಸಿಕೊಳ್ಳಬಹುದಾದ ಬೀಜ ಮುಕ್ತವಾಗೇ ಇರಲಿ. ಜನರ ತೆರಿಗೆಯಿಂದ ಆದ ಕೆಲಸ ಅದು. ಆದರೆ ಮುಕ್ತವಾಗಿ ಕೊಡುವುದಕ್ಕೂ ತಯಾರಿ ಬೇಕು. ನಾಗಪುರದ ಕೇಂದ್ರ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿವಿ ಕೂಡಿ ಮಾಡಿದ ಬಿಕಾನೇರಿ ನರ್ಮಾ ಬಿಟಿ ಹತ್ತಿಗೆ 2008ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಬಿಟಿ ಎಂದರೆ ಕಾಯಿಕೊರಕ ಹುಳ ತಡೆಯುವ ವಂಶವಾಹಿ ಸೇರಿಸಿದ ಹತ್ತಿ. ಇದು ಸಾರ್ವಜನಿಕ ಸಂಸ್ಥೆಯ ಬಿಟಿ, ರೈತರು ಬೀಜ ಉಳಿಸಿಕೊಳ್ಳಬಹುದಾದ ಬಿಟಿ. 2009ರಲ್ಲಿ ಹೊಲಕ್ಕೆ ಬಂತು, ಅದೇ ವರ್ಷ ನಿಂತೂ ಹೋಯಿತು. ಬೇರೆ ಕಂಪನಿಯ ಬಿಟಿ ವಂಶವಾಹಿ ಅದರಲ್ಲಿ ಬೆರೆತಿದೆ ಎಂಬ ಪ್ರಶ್ನೆ ಎದ್ದಿತ್ತು. ತಜ್ಞರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಈ ಇಡೀ ಕಥೆಯಲ್ಲಿ ನನಗೆ ಕಾಣುವುದು ಇಷ್ಟು. ಬೀಜದ ಶುದ್ಧತೆ ಕಾಯುವುದು, ಪ್ರತಿ ಹಂತದಲ್ಲಿ ಪರೀಕ್ಷಿಸುವುದು, ಕಾನೂನಿನ ಕಾಗದ ಸರಿ ಇಡುವುದು, ಇವು ಕಂಪನಿಗಳಲ್ಲಿ ಬೇರೆಯೇ ತಂಡದ ಕೆಲಸ. ನಮ್ಮ ಸಂಸ್ಥೆಗಳಲ್ಲಿ ಆ ಹೊರೆಯೂ ಬಹುಪಾಲು ಸಂಶೋಧಕರ ಹೆಗಲ ಮೇಲೇ ಬೀಳುತ್ತದೆ.

ಕೊನೆಗೆ ಒಂದು ಸಣ್ಣ ಲೆಕ್ಕ. ಉದ್ಯಮ ಕಟ್ಟಲು ಹೊರಟ ಯುವಕರಿಗೆ ಕೇಂದ್ರದ ನಿಧಿ ಯೋಜನೆಯಲ್ಲಿ ತಿಂಗಳಿಗೆ 30,000 ರೂಪಾಯಿವರೆಗೆ ಸಹಾಯಧನ ಸಿಗುತ್ತದೆ. ಪಿಎಚ್‌.ಡಿ ಮುಗಿಸಿದ, ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿರುವ ಹುಡುಗಿಗೆ ಬೆಂಗಳೂರಿನ ಕಂಪನಿ ಅದರ ಎರಡು ಮೂರು ಪಟ್ಟು ಕೊಡುತ್ತದೆ. ಹುಬ್ಬಳ್ಳಿಯಲ್ಲಿ ಖರ್ಚು ಕಡಿಮೆ, ಮನೆ ಊಟ ಇದೆ, ಆದರೂ ವರ್ಷ ಮುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಅದೇ ಹಣವನ್ನು ಒಂದು ವರ್ಷದ ಬದಲು ಮೂರು ವರ್ಷ ಕೊಡಲು ಆಗುತ್ತಾ, ಸೋತರೆ ವಿಶ್ವವಿದ್ಯಾಲಯದಲ್ಲೇ ಮತ್ತೆ ಸಂಶೋಧಕಿಯಾಗಿ ಸೇರಿಸಿಕೊಳ್ಳಲು ಆಗುತ್ತಾ? ಆ ಹಸಿರು ಬೂಷ್ಟಿನ ಪುಡಿ ಮುಂಡರಗಿ ಮುಟ್ಟುವುದು ಅಂಥ ಒಬ್ಬ ಹುಡುಗಿ ಈ ಊರಲ್ಲೇ ಉಳಿದರೆ.